ಗುರಿ ತಪ್ಪಿದ ಗುಂಡಿನ ಪೆನ್ನು

ನಮ್ಮ ಮಾಮಾನ ಮನೆಯ ನೆಲಮಾಳಿಗೆಯಲ್ಲಿ ಒಂದು ಡಬ್ಬಿ ತುಂಬ ಬಂದೂಕಿನ ತೋಟಾಗಳಿವೆ, ಒಂದು ಚೀಲ ತುಂಬ ಜಿಂಕೆಯ ಕೊಂಬುಗಳಿವೆ, ಗೋಡೆಯ ಮೇಲೆ ಸಾಲಾಗಿ ಗರಗಸಗಳು ನೇತಾಡುತ್ತಿವೆ. ಇಷ್ಟು ಕೇಳಿದವರು ನಮ್ಮ ಮಾಮಾ ಭಾರೀ ಬೇಟೆಗಾರನಿರಬೇಕು ಎಂದುಕೊಂಡರೆ ತಪ್ಪು ಅವರದಲ್ಲ. ಆದರೆ ಈ ಮನುಷ್ಯ ಮನೆಯೊಳಗೆ ಜೇಡ ಕಂಡರೆ ಅದರ ಮೇಲೆ ಲೋಟ ಮುಚ್ಚಿ, ಕೆಳಗಿನಿಂದ ಕಾಗದ ತೂರಿಸಿ, ಮೂರು ಮಹಡಿ ಇಳಿದು ಹೊರಗೆ ಬಿಟ್ಟು ಬರುವವರು. ಚಳಿಗಾಲದಲ್ಲಿ ಅದಕ್ಕೂ ಮನಸ್ಸಾಗದೆ ಮೆಟ್ಟಿಲ ಕೆಳಗಿನ ಬೆಚ್ಚನೆಯ ಮೂಲೆ ನೋಡಿ ಬಿಡುವವರು. ಬ್ರೆಡ್ಡಿಗೆ ಮೊಟ್ಟೆ ಹಾಕಿದ್ದೀರಾ ಎಂದು ಅದೇ ಬೇಕರಿಯ ಅದೇ ಹೆಂಗಸನ್ನು ಅದೇ ಬ್ರೆಡ್ಡಿನ ಬಗ್ಗೆ ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವವರು. ಅಂಥವರ ಮನೆಯಲ್ಲಿ ತೋಟಾ ಎಂದರೆ ಯಾರು ನಂಬುತ್ತಾರೆ?

ನಮ್ಮ ಗದಗಿನ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಈ ಮಾಮಾ ಜರ್ಮನಿಯ ಯೇನಾ ಎಂಬ ಊರಿನಲ್ಲಿ ಮಸೂರ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಕೂದಲೆಳೆಯನ್ನು ನೂರು ಸೀಳು ಮಾಡಿ, ಅದರಲ್ಲೊಂದರಷ್ಟು ಹೆಚ್ಚುಕಡಿಮೆಯಾದರೂ ಸರಿಯಿಲ್ಲವೆಂದು ವಾಪಸ್ ಕಳಿಸುವ ಕೆಲಸ. ಸಂಜೆ ಮನೆಗೆ ಬಂದರೂ ಆ ಚಟ ಇಳಿಯುವುದಿಲ್ಲ. ಒಮ್ಮೆ ಅಕ್ಕ ಬಡಿದ ಜೋಳದ ರೊಟ್ಟಿಗೆ ಅಳತೆಪಟ್ಟಿ ಹಿಡಿದು, "ಈ ಕಡೆ ಎರಡು ಮಿಲಿಮೀಟರ್ ಜಾಸ್ತಿ ಆಗೈತಿ" ಎಂದರು. ಅಕ್ಕ ಆ ಎರಡು ಮಿಲಿಮೀಟರ್ ಅಂಚನ್ನಷ್ಟೇ ಮುರಿದು ಅವರ ತಟ್ಟೆಗೆ ಹಾಕಿದಳು. ಅವತ್ತು ರಾತ್ರಿ ಅವರ ಊಟ ಅಷ್ಟೇ.

ನಾನು ಅದೇ ಊರಿನಲ್ಲಿ, ಅವರ ಮನೆಯಿಂದ ಎರಡು ಟ್ರ್ಯಾಮ್ ನಿಲ್ದಾಣ ಆಚೆ ಇದ್ದೇನೆ. ಹಾಗಾಗಿ ಮಾಮಾನಿಗೆ ಪೆನ್ನಿನ ಹುಚ್ಚು ಹಿಡಿದದ್ದನ್ನು ಮೊದಲ ದಿನದಿಂದ ಕಂಡವಳು ನಾನು. ಕಂಡು ನಕ್ಕವಳೂ ನಾನೇ. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಹುಚ್ಚು ಶುರುವಾದದ್ದು ಒಂದು ಸಹಿಯಿಂದ. ಎರಡು ಚಳಿಗಾಲದ ಹಿಂದೆ ಅಕ್ಕನಿಗೆ ಲಕ್ವಾ ಹೊಡೆಯಿತು. ದೇವರ ದಯೆ, ಮಾತು ಉಳಿಯಿತು, ನಡಿಗೆ ಮೂರು ತಿಂಗಳಲ್ಲಿ ಮರಳಿತು. ಬಲಗೈ ಮಾತ್ರ ಹಟ ಹಿಡಿದು ಕೂತಿತು. ಹೆಬ್ಬೆರಳು ಆಡುತ್ತದೆ, ಕಿರುಬೆರಳು ಸ್ವಲ್ಪ ಆಡುತ್ತದೆ, ನಡುವಿನ ಮೂರು ಬೆರಳು ಕಟ್ಟಿಗೆಯಾಗಿ ನಿಂತಿವೆ. ಒಂದು ದಿನ ಯಾವುದೋ ಗುರುತಿನ ಚೀಟಿಯ ಕೆಲಸಕ್ಕೆ ಬ್ಯೂರ್ಗರ್‌ಆಮ್ಟ್‌ಗೆ, ಅಂದರೆ ಊರಿನ ನಾಗರಿಕರ ಕಚೇರಿಗೆ ಮೂವರೂ ಹೋಗಿದ್ದೆವು. ಅಕ್ಕ ಪೆನ್ನು ಹಿಡಿಯಲು ನೋಡಿದಳು, ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಎದುರಿಗೆ ಕೂತಿದ್ದ ಹುಡುಗಿ ಒಳ್ಳೆಯವಳು. ಮೆಲ್ಲಗೆ ಹೇಳಿದಳು: "ಸಹಿ ಕಷ್ಟವಾದರೆ ಮೂರು ಕ್ರಾಸ್ ಗುರುತು ಹಾಕಿದರೂ ಆಗುತ್ತದೆ. ಅದಕ್ಕೆ ಬೇರೆ ವ್ಯವಸ್ಥೆ ಇದೆ."

ಆ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಕ್ಕ ಪೆನ್ನನ್ನು ಎಡಗೈಯಿಂದ ಮೇಜಿನ ಆಚೆಗೆ ಸರಿಸಿಬಿಟ್ಟಳು. ಯಾಕೆಂದರೆ ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ರೇಷನ್ ಅಂಗಡಿಯಲ್ಲಿ, ಶಾಲೆಯಲ್ಲಿ, ಎಲ್ಲ ಕಡೆ ಹೆಬ್ಬೆಟ್ಟು. ಮನೆಗೆ ಬಂದವಳೇ ಹುಣಸೆಹಣ್ಣು ಹಚ್ಚಿ ಹೆಬ್ಬೆರಳಿನ ಮಸಿ ತಿಕ್ಕುತ್ತಿದ್ದಳು. ಹತ್ತು ವರ್ಷದ ಅಕ್ಕ ಒಂದು ಬೇಸಿಗೆ ಪೂರ್ತಿ ಪಾಟಿ ಬಳಪ ಹಿಡಿದು ಅವ್ವನ ಮುಂದೆ ಕೂತು ಅವಳಿಗೆ ಸಹಿ ಕಲಿಸಿದಳು. ಮೊದಲ ಸಲ ರೇಷನ್ ಅಂಗಡಿಯಲ್ಲಿ ಸಹಿ ಹಾಕಿ ಬಂದ ದಿನ ಅವ್ವ ಓಣಿಯ ಹೆಂಗಸರಿಗೆಲ್ಲ ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು, ಮಸಿಯಿಲ್ಲದ ಸ್ವಚ್ಛ ಹೆಬ್ಬೆರಳು. ಅವ್ವ ಈಗಿಲ್ಲ. ಆದರೆ ಅವ್ವನಿಗೆ ಸಹಿ ಕಲಿಸಿದ ಅಕ್ಕನಿಗೆ ಮೂರು ಕ್ರಾಸ್ ಹಾಕು ಎಂದರೆ ಹೇಗಾಗಬೇಡ?

ಅಕ್ಕನ ಸಹಿಯೋ, ಅದು ಸಹಿಯಲ್ಲ, ಗೂಡ್ಸ್ ಗಾಡಿ. ಎಲ್ಲರಂತೆ ಎರಡು ಗೀಟು ಎಳೆದು ಕೈತೊಳೆದುಕೊಳ್ಳುವವಳಲ್ಲ. ಮೊದಲು ಸೌಭಾಗ್ಯವತಿಯ "ಸೌ.", ಆಮೇಲೆ ತನ್ನ ಹೆಸರು, ಆಮೇಲೆ ಗಂಡನ ಹೆಸರು, ಆಮೇಲೆ ಅಡ್ಡಹೆಸರು, ಕೊನೆಗೆ ಕೆಳಗೊಂದು ಗೆರೆ, ಗೆರೆಯ ಕೆಳಗೊಂದು ಚುಕ್ಕೆ. ಎಲ್ಲವೂ ಕನ್ನಡದಲ್ಲಿ. ಜರ್ಮನಿಯ ಯಾವ ಅರ್ಜಿಯಲ್ಲೂ ಅವಳಿಗೆ ಜಾಗ ಸಾಕಾದದ್ದಿಲ್ಲ.

ಅವತ್ತು ಅಕ್ಕ ಸಹಿ ಮಾಡಲಿಲ್ಲ, ಕ್ರಾಸೂ ಹಾಕಲಿಲ್ಲ. "ಇನ್ನೊಂದಿನ ಬರ್ತೇವಿ" ಎಂದು ಎದ್ದಳು. ಅದೇ ವಾರ ಅವರ ಮಗಳು ಇನ್ನೊಂದು ಸುದ್ದಿ ತಂದಳು. ಯೇನಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವವಳು. ಬರುವ ಜೂನ್‌ನಲ್ಲಿ ಇಲ್ಲಿಯ ಹುಡುಗನೊಬ್ಬನ ಜೊತೆ ಅವಳ ಮದುವೆ. ಇಲ್ಲಿ ಮದುವೆ ಮಾಡಿಸುವುದು ಷ್ಟಾಂಡೆಸಾಮ್ಟ್, ಅಂದರೆ ನಮ್ಮ ನೋಂದಣಿ ಕಚೇರಿ. ಅಲ್ಲಿ ಇಬ್ಬರು ಸಾಕ್ಷಿಗಳನ್ನು ಇಟ್ಟುಕೊಳ್ಳಬಹುದು. "ನನಗೆ ಸಾಕ್ಷಿ ಅಮ್ಮ ಮತ್ತು ಅಪ್ಪ, ಬೇರೆ ಯಾರೂ ಬೇಡ" ಎಂದು ಹುಡುಗಿ ಹೇಳಿಯೇಬಿಟ್ಟಳು.

"ಎಡಗೈಲೆ ಸಹಿ ಮಾಡೂದು ಕಲಕೋ ಅಕ್ಕಾ" ಎಂದೆ ನಾನು.

"ಮದವಿ ಕಾಗದಕ್ಕ ಎಡಗೈಲೆ ಸಹಿ ಮಾಡ್ತಾರೇನ? ಅಕ್ಷತಾ ಎಡಗೈಲೆ ಹಾಕ್ತೀ ಏನ ನೀನು?" ಎಂದಳು ಅಕ್ಕ.

ಮಾಮಾ ಚಹದ ಕಪ್ಪು ಕೆಳಗಿಟ್ಟು, "ಆಕಿ ಬಲಗೈಲೆ ಸಹಿ ಮಾಡ್ತಾಳ. ಪೆನ್ನು ನಾ ಮಾಡ್ತೇನಿ" ಎಂದರು. ಪೆನ್ನು ಕೊಳ್ಳುತ್ತೇನೆ ಎನ್ನಲಿಲ್ಲ, ಮಾಡುತ್ತೇನೆ ಎಂದರು.

ಅಂಗಡಿಯಲ್ಲಿ ಸಿಗುವುದನ್ನೆಲ್ಲ ಮೊದಲೇ ತಂದಾಗಿತ್ತು. ದಪ್ಪ ಪೆನ್ನು, ರಬ್ಬರ್ ತೊಡಿಸಿದ ಪೆನ್ನು, ಮಕ್ಕಳ ಬಣ್ಣದ ಪೆನ್ನು. "ಇವು ಅಂಗನವಾಡಿಗೆ ಕೊಡ್ರಿ" ಎಂದು ಅಕ್ಕ ಪಕ್ಕಕ್ಕೆ ಸರಿಸಿದ್ದಳು. ಈಗ ಕೆಲ್ಲರ್‌ಗೆ, ಅಂದರೆ ನೆಲಮಾಳಿಗೆಗೆ, ಕಟ್ಟಿಗೆ ಕಡೆಯುವ ಒಂದು ಸಣ್ಣ ಲೇತ್ ಯಂತ್ರ ಬಂದು ಕೂತಿತು. ಮೊದಲು ಕಟ್ಟಿಗೆಯ ಪೆನ್ನುಗಳು ಹುಟ್ಟಿದವು. ಅವುಗಳಲ್ಲಿ ಒಂದನ್ನು ನಾನು ಲಟ್ಟಣಿಗೆ ಎಂದುಕೊಂಡು ಒಂದು ವಾರ ಚಪಾತಿ ಲಟ್ಟಿಸಿದೆ. ಚಪಾತಿ ಚೆನ್ನಾಗಿಯೇ ಬಂದವು.

ಕಟ್ಟಿಗೆ ಹಗುರ, ಅಕ್ಕನ ಕೈ ನಡುಗಿದರೆ ಪೆನ್ನೂ ಜೊತೆಗೆ ನಡುಗುತ್ತದೆ ಎಂಬುದು ಮಾಮಾನ ಸಂಶೋಧನೆ. ತುದಿಯಲ್ಲಿ ತೂಕ ಬೇಕು, ಹಿಂಭಾಗದಲ್ಲಿ ಜಾರದ ಒರಟು ಬೇಕು. ಎಲ್ಲೋ ಓದಿದರಂತೆ: ಗುಂಡು ಹಾರಿದ ಮೇಲೆ ಬಂದೂಕಿನಿಂದ ಹೊರಗೆ ಬೀಳುವ ಹಿತ್ತಾಳೆಯ ಖಾಲಿ ತೋಟಾದ ಒಳಗೆ ರೀಫಿಲ್ ಸೇರಿಸಿ, ಹಿಂದೆ ಜಿಂಕೆಯ ಕೊಂಬು ಜೋಡಿಸಿ ಪೆನ್ನು ಮಾಡುವವರಿದ್ದಾರೆ ಎಂದು. ಹಿತ್ತಾಳೆಗೆ ತೂಕವಿದೆ, ಕೊಂಬಿಗೆ ಒರಟಿದೆ. ಸರಿ, ಇನ್ನೇನು, ಕೊಂಬು ಹುಡುಕುವುದೊಂದೇ ಬಾಕಿ!

ಫೆಬ್ರವರಿಯ ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಊರಾಚೆಯ ಗುಡ್ಡದ ಕಾಡಿಗೆ ಹೋದರು. ಆ ದಿನಗಳಲ್ಲಿ ಗಂಡು ಜಿಂಕೆಗಳ ಕೊಂಬು ತಾವಾಗಿ ಕಳಚಿ ಬೀಳುತ್ತವೆ. ಪ್ರಾಣಿಗೆ ನೋವಿಲ್ಲ, ಮಾಮಾನಿಗೆ ಪಾಪವಿಲ್ಲ. ನಾಲ್ಕು ತಾಸು ಕೆಸರು ತುಳಿದ ಮೇಲೆ ಒಂದು ಮರದ ಬುಡದಲ್ಲಿ ಸಿಕ್ಕೇಬಿಟ್ಟಿತು. ಮೊಳದುದ್ದದ ಕೊಂಬು, ಮೂರು ಕವಲು. ಮಾಮಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೊತ್ತಿಕೊಂಡರು. ತಲೆಯೆತ್ತಿದರೆ ಎದುರಿಗೆ ಹಸಿರು ಟೋಪಿಯ ಒಬ್ಬ ಅಜ್ಜ, ಬಗಲಲ್ಲಿ ಬಂದೂಕು, ಕಾಲ ಬಳಿ ನಾಯಿ.

"ಅದನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ?" ಎಂದ ಅಜ್ಜ.

"ಮನೆಗೆ. ಕೆಳಗೆ ಬಿದ್ದಿತ್ತು" ಎಂದರು ಮಾಮಾ. ಹುಣಸೆಮರದ ಕೆಳಗೆ ಬಿದ್ದ ಹಣ್ಣನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು ಎಂದು ನಂಬಿ ಬೆಳೆದವರು ನಾವು.

ಅಜ್ಜ ಶಾಂತವಾಗಿ ವಿವರಿಸಿದ. ಈ ದೇಶದಲ್ಲಿ ಬಿದ್ದ ಕೊಂಬೂ ಆ ಕಾಡಿನ ಬೇಟೆಯ ಹಕ್ಕು ಇರುವವನದೇ. ಕೇಳದೆ ಒಯ್ದರೆ ಅದು ಕಳ್ಳಬೇಟೆ. ಕಳ್ಳಬೇಟೆ! ಜೇಡವನ್ನು ಮೂರು ಮಹಡಿ ಇಳಿಸಿ ಬರುವ ನಮ್ಮ ಮಾಮಾ ಕಳ್ಳಬೇಟೆಗಾರ! ಅಜ್ಜನ ನಾಯಿ ಕೂಡ ಅವರನ್ನು ನಂಬಲಾಗದೆ ನೋಡುತ್ತಿತ್ತು. ಮಾಮಾನ ಮುಖ ಬೆಳ್ಳಗಾಯಿತು. ಕೊಂಬನ್ನು ಎರಡೂ ಕೈಯಿಂದ ಅಜ್ಜನಿಗೆ ಒಪ್ಪಿಸಿ, ತಪ್ಪಾಯಿತು ಎಂದರು. ಬೇರೆ ಯಾರಾದರೂ ಅಲ್ಲಿಗೆ ಮುಗಿಸಿ ಮನೆ ಸೇರುತ್ತಿದ್ದರು. ಮಾಮಾ ಹೋಗಲಿಲ್ಲ. "ಈಗ ಕೇಳುತ್ತಿದ್ದೇನೆ, ಇದನ್ನು ಕೊಡುತ್ತೀರಾ?" ಎಂದರು.

"ಯಾತಕ್ಕೆ?"

ಮಾಮಾ ತಮ್ಮ ಬಲಗೈ ಎತ್ತಿ, ನಡುವಿನ ಮೂರು ಬೆರಳನ್ನು ಬಿಗಿ ಮಾಡಿ ತೋರಿಸಿದರು. ಹೆಂಡತಿಯ ಕೈ ಹೀಗಿದೆ, ಜೂನ್‌ನಲ್ಲಿ ಮಗಳ ಮದುವೆ, ಅವಳು ತನ್ನ ಹೆಸರು ಬರೆಯಬೇಕು ಎಂದರು. ಅಜ್ಜ ಆ ಕೈಯನ್ನು ಹಿಡಿದು ನೋಡಿದ. "ಭಾನುವಾರ ಕಾಫಿಗೆ ಬಾ. ಹೆಂಡತಿಯ ಕೈಯ ಅಳತೆ ತಗೊಂಡು ಬಾ" ಎಂದ. ಅಳತೆ ಎಂಬ ಮಾತು ಕೇಳಿದ ಮೇಲೆ ನಮ್ಮ ಮಾಮಾನನ್ನು ಹಿಡಿಯುವವರುಂಟೇ? ಹನ್ನೊಂದು ಪುಟಗಳ ಅಳತೆ ಒಯ್ದರು.

ಭಾನುವಾರ ಆ ಮನೆಯಲ್ಲಿ ನಡೆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಅಜ್ಜ ಒಂದೊಂದೇ ಕೊಂಬು ಮೇಜಿನ ಮೇಲೆ ಇಡುತ್ತಾನೆ, ಮಾಮಾ ಪ್ರತಿಯೊಂದಕ್ಕೂ, "ಇದು ತಾನಾಗಿ ಬಿದ್ದದ್ದು ತಾನೆ?" ಎಂದು ಕೇಳುತ್ತಾರೆ, ಬೇಕರಿಯ ಹೆಂಗಸನ್ನು ಕೇಳಿದ ಹಾಗೆಯೇ. ಅಜ್ಜನಿಗೆ ಸಾಕಾಗಿಹೋಯಿತು. ಆಮೇಲೆ ತೋಟಾದ ಮಾತು ಬಂತು. ಬೇಟೆಗೆ ಹೋದಾಗಿನ ಖಾಲಿ ತೋಟಾಗಳನ್ನು ಅಜ್ಜ ಮುಷ್ಟಿ ತುಂಬ ತಂದ. ಮಾಮಾ ಕೈ ಹಿಂದಕ್ಕೆಳೆದುಕೊಂಡರು.

"ಈ ಗುಂಡಿನಿಂದ ಪ್ರಾಣಿ ಸತ್ತಿದೆಯೇ?"

"ಮತ್ತೆ? ನಾನು ಬೇಟೆಗಾರ."

"ಮದುವೆ ಕಾಗದಕ್ಕೆ ಸಹಿ ಮಾಡುವ ಪೆನ್ನು. ಗುರಿ ತಪ್ಪಿದ ಗುಂಡಿನವು ಇದ್ದರೆ ಕೊಡಿ."

ಐವತ್ತು ವರ್ಷ ಬೇಟೆಯಾಡಿದ ಮನುಷ್ಯನ ಮನೆಯಲ್ಲಿ ಕೂತು, ಅವನದೇ ಕಾಫಿ ಕುಡಿಯುತ್ತ, ಇಂಥ ಮಾತು! ಅಜ್ಜನ ಮೀಸೆ ಅದುರಿತು. "ನಾನು ಗುರಿ ತಪ್ಪಿದವನೇ ಅಲ್ಲ" ಎಂದ. ಇನ್ನು ನಮ್ಮನ್ನು ಹೊರಗೆ ಹಾಕುವುದು ಖಂಡಿತ ಎಂದು ನಾನು ಕೋಟು ಹುಡುಕತೊಡಗಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: "ಕಪಾಟಿನ ಮೇಲಿರುವ ಬಿಸ್ಕೀಟಿನ ದೊಡ್ಡ ಡಬ್ಬಿ ಇಳಿಸಿ ಕೊಡು. ಪೂರ್ತಿ ತುಂಬಿದೆ."

ಡಬ್ಬಿ ಇಳಿಯಿತು. ಗುರಿ ತಪ್ಪಿದಾಗಲೆಲ್ಲ ಖಾಲಿ ತೋಟಾ ಯಾರ ಕಣ್ಣಿಗೂ ಬೀಳದಿರಲೆಂದು ಅಜ್ಜ ಆರಿಸಿ ತಂದು ಅಲ್ಲಿ ಬಚ್ಚಿಡುತ್ತಿದ್ದನಂತೆ. ಇಬ್ಬರು ಗಂಡಸರೂ ಆ ಡಬ್ಬಿಯನ್ನು ಗೌರವದಿಂದ ನೋಡಿದರು. ಅಷ್ಟು ಜಿಂಕೆಗಳು ಬದುಕಿ ಓಡಿದವಲ್ಲ ಎಂದು ಮಾಮಾನ ಕಣ್ಣಲ್ಲಿ ನೀರು. ಅಜ್ಜನ ಕಣ್ಣಲ್ಲೂ ನೀರಿತ್ತು, ಕಾರಣ ಬೇರೆ.

ಅಲ್ಲಿಂದ ಕೆಲ್ಲರ್‌ನಲ್ಲಿ ಕಾರ್ಖಾನೆಯೇ ಶುರುವಾಯಿತು. ಕೊಂಬು ಕೊರೆಯುವಾಗ ಬರುವ ವಾಸನೆ ಹಲ್ಲಿನ ಡಾಕ್ಟರ ಕೋಣೆಯ ವಾಸನೆಯಂಥದ್ದು. ಮೇಲಿನ ಮನೆಯ ಹೆಂಗಸು ಕೆಳಗೆ ಬಂದು, ನೀವು ಇಲ್ಲಿ ಹಲ್ಲು ಕೀಳುತ್ತಿದ್ದೀರಾ ಎಂದು ಕೇಳಿದಳು. ಮಧ್ಯಾಹ್ನ ಒಂದರಿಂದ ಮೂರರ ತನಕ ಸದ್ದು ಮಾಡಬಾರದು, ಭಾನುವಾರ ಮಾಡಲೇಬಾರದು ಎಂಬ ಕಟ್ಟಡದ ನಿಯಮಗಳನ್ನು ಬಾಯಿಪಾಠ ಒಪ್ಪಿಸಿದಳು. ಮಾಮಾ ಕ್ಷಮೆ ಕೇಳಿ ಅವಳಿಗೊಂದು ಪೆನ್ನು ಕಾಣಿಕೆ ಕೊಟ್ಟರು. ಮುಂದಿನ ವಾರ ಅವಳು ನಮ್ಮ ಮೇಲೆ ಎರಡು ಪುಟದ ದೂರು ಬರೆದು ಬಾಗಿಲಿಗೆ ಅಂಟಿಸಿದ್ದಳು. ಆ ಪೆನ್ನಿನಿಂದಲೇ ಬರೆದದ್ದು. "ಅಕ್ಷರ ನೋಡು, ಎಷ್ಟು ದುಂಡಗ ಬಂದಾವ" ಎಂದು ಮಾಮಾ ಆ ದೂರನ್ನು ಜೋಪಾನವಾಗಿ ಎತ್ತಿಟ್ಟುಕೊಂಡರು.

ಕೊಂಬನ್ನು ಕುದಿಸಿದರೆ ಮೆತ್ತಗಾಗುತ್ತದೆಯೇ ಎಂಬ ಸಂಶಯ ಬಂದದ್ದು ಒಂದು ಸೋಮವಾರ, ಅಕ್ಕ ವ್ಯಾಯಾಮದ ಡಾಕ್ಟರ ಹತ್ತಿರ ಹೋಗಿದ್ದಾಗ. ಅಕ್ಕ ವಾಪಸ್ ಬಂದು ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಏನ್ರಿ, ನನ್ನ ಕುಕ್ಕರಿನ್ಯಾಗ ಏನ್ ಕುದಿಯಾಕತ್ತೈತಿ?"

"ಕೊಂಬು."

"ಎಷ್ಟು ಸೀಟಿ ಆದುವು?"

"ಏಳು. ಇನ್ನೂ ಮೆತ್ತಗಾಗಿಲ್ಲ."

"ಬ್ಯಾಳಿ ಮೂರಕ್ಕ ಮೆತ್ತಗಾಕತಿ" ಎಂದಳು ಅಕ್ಕ. "ಅದನ್ನ ಕೆಳಗ ಒಯ್ರಿ. ಕುಕ್ಕರ್ ಸುದ್ದಾ ಅಲ್ಲೇ ಇಟ್ಕೋರಿ. ಸ್ನಾನಾ ಮಾಡಿ ಮ್ಯಾಲೆ ಬರ್ರಿ."

ಇಷ್ಟೆಲ್ಲ ರಾಮಾಯಣ ಮಾಡಿ ತಯಾರಾದ ಪೆನ್ನುಗಳನ್ನು ಅಕ್ಕನ ಕೈಗೆ ಕೊಡುತ್ತಿದ್ದರೇ ಎಂದರೆ, ಅದೂ ಇಲ್ಲ! ವಾರಕ್ಕೊಂದು ಪೆನ್ನು ಹುಟ್ಟುತ್ತಿತ್ತು, ಕೆಲ್ಲರ್‌ನಲ್ಲೇ ಮಾಯವಾಗುತ್ತಿತ್ತು. "ಮಾಮಾ, ಇವು ಅಕ್ಕಗೋ, ಕಪಾಟಿಗೋ?" ಎಂದು ನಾನು ಚುಚ್ಚಿದರೆ, "ಇನ್ನೂ ಆಗಿಲ್ಲ ನೋಡವಾ" ಎಂದಷ್ಟೇ ಉತ್ತರ. ಅಕ್ಕನ ಕೈಗೆ ಮೊದಲ ಪೆನ್ನು ಬಂದದ್ದು ಮಾರ್ಚ್‌ನಲ್ಲಿ. ಲೇತಿನಲ್ಲಿ ನುಣ್ಣಗೆ ತಿರುಗಿಸಿ ಹೊಳಪು ಕೊಟ್ಟ ಕೊಂಬು, ಅಂಗಡಿಯವರು ಕಂಡರೆ ಕೈಮುಗಿಯಬೇಕು. ಅಕ್ಕ ಒಂದು ಗೆರೆ ಎಳೆದಳು. ಪೆನ್ನು ಜಾರಿ ಉರುಳಿ ಫ್ರಿಜ್ಜಿನ ಕೆಳಗೆ ಸೇರಿತು.

ಎರಡನೆಯದು ಏಪ್ರಿಲ್‌ನಲ್ಲಿ. ಈ ಸಲ ಹಿತ್ತಾಳೆ ಹೆಚ್ಚು, ತೂಕ ಹೆಚ್ಚು. ಅಕ್ಕ ಉಸಿರು ಹಿಡಿದು ಒತ್ತಿ ಬರೆದಳು. "ಸೌ." ಬಂತು! ಸೊಟ್ಟಗೆ ಬಂತು, ಆದರೆ ಬಂತು. ಅಲ್ಲಿಗೆ ಕೈ ಸೋತಿತು. ಅಕ್ಕ ಆ ಕಾಗದವನ್ನು ಯಾರಿಗೂ ಕೊಡದೆ ದೇವರ ಫೋಟೋದ ಹಿಂದೆ ಇಟ್ಟಳು. ಮಾಮಾ ಆ ಪೆನ್ನನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು. ಅವತ್ತಿನಿಂದ ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ತೆಗೆಯುತ್ತಿದ್ದರು.

ಅದೇ ಜೇಬಿನಲ್ಲಿ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೂ ಹೋಯಿತು. ಮದುವೆಗೆ ಅಕ್ಕನಿಗೆ ಇಳಕಲ್ ಸೀರೆ ತರಲು ಮಾಮಾ ಬೆಂಗಳೂರಿಗೆ ಹೊರಟಿದ್ದರು. ಬೀಳ್ಕೊಡಲು ಹೋದವಳು ನಾನು. ಒಳಗೆ ಹೋದ ಮನುಷ್ಯ ಒಂದು ತಾಸಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಹೊರಗೆ ಬಂದರು. ತಪಾಸಣೆಯವನು ಜೇಬಿನಿಂದ ಅದನ್ನು ತೆಗೆದು, "ಇದು ಮದ್ದುಗುಂಡು" ಎಂದನಂತೆ. "ಇದರಲ್ಲಿ ಮದ್ದೂ ಇಲ್ಲ, ಗುಂಡೂ ಇಲ್ಲ, ನನ್ನ ಹೆಂಡತಿಯ ಸಹಿ ಇದೆ" ಎಂದರಂತೆ ಇವರು. ಅವನ ಕೆಲಸ ಅವನು ಮಾಡಿದ. ಪೆನ್ನು ಇಲ್ಲಿ ಬಿಟ್ಟರೆ ನೀವು ವಿಮಾನ ಹತ್ತಬಹುದು, ಇಲ್ಲವಾದರೆ ಇಲ್ಲ ಎಂದ. ಹೊರಗೆ ಬಂದು ನನ್ನ ಕೈಗೆ ಕೊಟ್ಟು ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಮಾಮಾ ಯೋಚಿಸಲೂ ಇಲ್ಲವಂತೆ.

"ವಿಮಾನ ದಿನಾ ಹಾರತಾವ, ನೋಡವಾ. 'ಸೌ.' ಬಂದ ಪೆನ್ನು ಇದೊಂದೇ" ಎಂದರು. ಅದೇ ಪೆಟ್ಟಿಗೆಯೊಂದಿಗೆ ರೈಲು ಹತ್ತಿ ಯೇನಾಕ್ಕೆ ವಾಪಸ್ ಬಂದೆವು. ಬಾಗಿಲು ತೆರೆದ ಅಕ್ಕ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಸೀರಿ ಎಲ್ಲಿ?"

"ಪೆನ್ನು ಉಳೀತು" ಎಂದರು ಮಾಮಾ. ಸೀರೆ ಆಮೇಲೆ ಯಾರದೋ ಕೈಯಲ್ಲಿ ಬಂತು.

ಮೇ ತಿಂಗಳಿನಿಂದ ಮಾಮಾ ಪೂರ್ತಿ ಕೈಮೀರಿಹೋದರು ಎಂದೇ ನಾನು ತಿಳಿದೆ. ಮೊದಲು ಒಂದು ಕಪ್ಪು ಒಡೆದರು, ಆಮೇಲೆ ಇನ್ನೊಂದು. ಅಂಗಿಯ ಗುಂಡಿಗಳನ್ನು ತಪ್ಪು ತಪ್ಪು ತೂತಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು. ಟ್ರ್ಯಾಮಿನಲ್ಲಿ ಟಿಕೆಟ್ ಕೈಯಿಂದ ಬೀಳಿಸಿ ಹೆಕ್ಕಲಾಗದೆ ಕೂತಿದ್ದನ್ನು ನಾನೇ ಕಂಡೆ. ಆಗೆಲ್ಲ ಅವರ ಬಲಗೈಯಲ್ಲಿ ಉಣ್ಣೆಯ ಒಂದು ಕೈಗವಸು ಇರುತ್ತಿತ್ತು. ಎಡಗೈ ಬರಿದು! ಜೂನ್ ಮೊದಲ ವಾರ ಅಳಿಯನಾಗುವ ಹುಡುಗ ಊಟಕ್ಕೆ ಬಂದಾಗಲೂ ಮಾಮಾ ಕೈಗವಸು ತೆಗೆಯಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ. ಕೈಗವಸಿನ ಕೈಯಲ್ಲಿ ಚಮಚ. ಬದನೆಕಾಯಿ ಎರಡು ಸಲ ಹುಡುಗನ ಕಡೆಗೆ ಹಾರಿತು. ಪಾಪ, ಅವನು ಅದನ್ನು ನಮ್ಮ ಪದ್ಧತಿ ಎಂದುಕೊಂಡು ಧನ್ಯವಾದ ಹೇಳಿ ತಿಂದ.

"ಕೈಗೆ ಅದ್ಯಾಕ್ರಿ?" ಎಂದಳು ಅಕ್ಕ ತಡೆಯಲಾರದೆ.

"ಥಂಡಿ."

"ಹೊರಗ ಮಂದಿ ಐಸ್‌ಕ್ರೀಮ್ ತಿನ್ನಾಕತ್ತಾರ."

"ಅದಕ್ಕಽ ಥಂಡಿ" ಎಂದರು ಮಾಮಾ.

ಎಲ್ಲರೂ ನಕ್ಕೆವು. ಪಾತ್ರೆ ತೊಳೆಯುವಾಗ ಅಕ್ಕ ಮಾತ್ರ ನಗುತ್ತಿರಲಿಲ್ಲ. ಮೆಲ್ಲಗೆ, "ಇವರಿಗೂ ನನ್ನಂಗಽ ಆಗಾಕತ್ತೈತೇನ? ಕೈ ಮುಚ್ಚಿಕೊಂಡು ಅಡ್ಡಾಡಾಕತ್ತಾರ" ಎಂದಳು. ಮಾಮಾನನ್ನು ಕೇಳಿದೆ. ಏನೂ ಇಲ್ಲ, ಮದುವೆ ಮುಗಿಯಲಿ ಎಂದರು. ಅಷ್ಟರ ಮೇಲೆ ಕೇಳಲು ನನಗೂ ಧೈರ್ಯ ಬರಲಿಲ್ಲ.

ಮದುವೆಗೆ ಹತ್ತು ದಿನವಿರುವಾಗ ಮೂರನೆಯ ಪೆನ್ನು ಬಂತು. ನೋಡಿ ನಾನು ನಕ್ಕೆ. ಮೈಕ್ರಾನ್ ಲೆಕ್ಕದಲ್ಲಿ ಬದುಕಿದ ಮನುಷ್ಯ ಲೇತನ್ನು ಮುಟ್ಟದೆ, ಬರೀ ಉಜ್ಜುವ ಅರ ಹಿಡಿದು ಮಾಡಿದ್ದು. ಕಾಡಿನಲ್ಲಿ ಬಿದ್ದಾಗ ಕೊಂಬು ಹೇಗೆ ಬಾಗಿತ್ತೋ ಹಾಗೆಯೇ ಬಾಗಿದೆ, ಮೈಯೆಲ್ಲ ಒರಟು, ಪಕ್ಕದಲ್ಲೊಂದು ಸಣ್ಣ ಕವಲು, ಮುಂದೆ ಹಿತ್ತಾಳೆಯ ತೋಟಾ. ಅಂದ ಚೆಂದ ಒಂದೂ ಇಲ್ಲ. ಆದರೆ ಅಕ್ಕನ ಕೈಯಲ್ಲಿ ಇಟ್ಟಾಗ ಆ ಕವಲು ಹೆಬ್ಬೆರಳಿನ ಸಂದಿಯಲ್ಲಿ ಹೋಗಿ ಕೂತಿತು, ಬಾಗು ಅಂಗೈಗೆ ಒರಗಿತು. "ನೀ ಹಿಡೀಬ್ಯಾಡ. ಅದಽ ನಿನ್ನ ಕೈ ಹಿಡೀತತಿ" ಎಂದರು ಮಾಮಾ. ಅಕ್ಕ ಆ ಹತ್ತು ದಿನ ಬಾಗಿಲು ಹಾಕಿಕೊಂಡು ಬರೆದಳು. ಏನು ಬಂತು ಎಂದು ಯಾರಿಗೂ ತೋರಿಸಲಿಲ್ಲ.

ಮದುವೆಯ ಬೆಳಿಗ್ಗೆ ಎಲ್ಲರೂ ಹೊರಟು ನಿಂತಾಗ ಮಾಮಾ ಜೇಬು ತಡವಿಕೊಂಡರು. ಹೊಸ ರೀಫಿಲ್ ಹಾಕಲು ಒಯ್ದ ಪೆನ್ನು ಕೆಳಗೇ ಉಳಿದಿತ್ತು. ಅವರಿಗೆ ಪಂಚೆಯಲ್ಲಿ ಮೆಟ್ಟಿಲು ಇಳಿಯುವುದು ಕಷ್ಟವೆಂದು ನಾನು ಓಡಿದೆ. ಪೆನ್ನು ಮೇಜಿನ ಮೇಲೆಯೇ ಇತ್ತು. ಅದರ ಪಕ್ಕದಲ್ಲಿ ಆ ಕೈಗವಸು. ಕುತೂಹಲಕ್ಕೆ ಒಳಗೆ ಕೈ ಹಾಕಿದೆ, ಹೋಗಲಿಲ್ಲ. ತಿರುವಿ ನೋಡಿದೆ. ನಡುವಿನ ಮೂರು ಬೆರಳಿನ ಜಾಗದಲ್ಲಿ ಐಸ್‌ಕ್ರೀಮಿನ ಕಡ್ಡಿಗಳನ್ನು ಇಟ್ಟು ದಾರದಿಂದ ಹೊಲಿದಿದ್ದರು. ಅದನ್ನು ಹಾಕಿಕೊಂಡರೆ ಹೆಬ್ಬೆರಳು ಆಡುತ್ತದೆ, ಕಿರುಬೆರಳು ಸ್ವಲ್ಪ ಆಡುತ್ತದೆ. ಬೇರೇನೂ ಆಡುವುದಿಲ್ಲ.

ಕೆಳಗೊಂದು ನೋಟುಬುಕ್ಕಿತ್ತು. ಪುಟ ಪುಟವೂ ಅಕ್ಕನ ಸಹಿ, ಮಾಮಾನ ಕೈಯಲ್ಲಿ. ಸೊಟ್ಟ, ಮುರುಕು, ಜಾರಿದ ಸಹಿಗಳು. ಪ್ರತಿ ಪುಟದ ಮೇಲೂ ಪೆನ್ನಿನ ನಂಬರು. "ಪೆನ್ನು ೪: 'ಸೌ.' ಕೂಡ ಬರಲಿಲ್ಲ. ಆಕಿಗೆ ಕೊಡಬಾರದು." "ಪೆನ್ನು ೧೧: ಹೆಸರಿನ ತನಕ ಬಂತು, ಕೈ ನೋಯ್ತು. ಕೊಡಬಾರದು." "ಪೆನ್ನು ೧೯: ಬೆವರಿಗೆ ಜಾರ್ತು. ಕೊಡಬಾರದು." ಇಪ್ಪತ್ತಮೂರು ಪೆನ್ನು. ಮಾರ್ಚ್, ಏಪ್ರಿಲ್‌ನ ಎರಡನ್ನು ಬರಿಗೈಯಲ್ಲಷ್ಟೇ ಪರೀಕ್ಷಿಸಿ ಅಕ್ಕನಿಗೆ ಕೊಟ್ಟು, ಅವಳು ಸೋತದ್ದನ್ನು ಕಂಡ ಮೇಲೆ ಈ ಕೈಗವಸು ಹೊಲಿದಿದ್ದರು. ಹಳೆಯ ಪೆನ್ನುಗಳನ್ನೆಲ್ಲ ಅದರಲ್ಲಿ ಮತ್ತೆ ಹಿಡಿದು ನೋಡಿದ್ದರು. ಅದರಲ್ಲೇ ಉಂಡಿದ್ದರು, ಗುಂಡಿ ಹಾಕಿಕೊಂಡಿದ್ದರು, ಟಿಕೆಟ್ ಬೀಳಿಸಿಕೊಂಡಿದ್ದರು. ಇನ್ನೊಂದು ಸೋಲು ಅಕ್ಕನ ಕೈಗೆ ಹೋಗಬಾರದೆಂದು ಇಪ್ಪತ್ತು ಸಲ ತಾವೇ ಸೋತಿದ್ದರು. ಕೊನೆಯ ಪುಟದಲ್ಲಿ, "ಪೆನ್ನು ೨೩: ಚುಕ್ಕಿ ತನಕ ಬಂತು. ಕೊಡಬಹುದು."

ಆ ಹೊತ್ತು ನನಗೆ ನನ್ನ ಮೇಲೇ ನಾಚಿಕೆಯಾಯಿತು. ಕೈಗವಸನ್ನು ಮೊದಲಿದ್ದ ಹಾಗೆಯೇ ನೋಟುಬುಕ್ಕಿನ ಮೇಲಿಟ್ಟೆ. ಕಣ್ಣೊರೆಸಿಕೊಂಡು ಮೇಲೆ ಹೋಗಿ ಪೆನ್ನು ಕೊಟ್ಟೆ.

ಷ್ಟಾಂಡೆಸಾಮ್ಟ್‌ನ ಅಧಿಕಾರಿ ಹೆಂಗಸು ಓದುವುದನ್ನೆಲ್ಲ ಓದಿ, ಹುಡುಗ ಹುಡುಗಿಯ ಸಹಿ ಹಾಕಿಸಿ, ಕಾಗದವನ್ನು ಅಕ್ಕನ ಮುಂದೆ ಇಟ್ಟರು. ಇಳಕಲ್ ಸೀರೆಯ ಅಕ್ಕ ಕುರ್ಚಿ ಎಳೆದುಕೊಂಡಳು. ಮಾಮಾ ಪೆನ್ನನ್ನು ಅವಳ ಕೈಯಲ್ಲಿ ಕೂಡಿಸಿದರು. ಹಿಂದಿನ ಸಾಲಿನಲ್ಲಿ ಬೇಟೆಗಾರ ಅಜ್ಜ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುತ್ತಿಗೆ ಚಾಚಿದ. "ಸೌ." ಬಂತು. ಅಕ್ಕ ಕೈ ನಿಲ್ಲಿಸಿದಳು, ಉಸಿರು ತೆಗೆದುಕೊಂಡಳು. ಅವಳ ಹೆಸರು ಬಂತು. ಹೊರಗೆ ಒಂದು ಟ್ರ್ಯಾಮ್ ಹೋಯಿತು, ಇನ್ನೊಂದು ಹೋಯಿತು. ಗಂಡನ ಹೆಸರು ಬಂತು, ಅಡ್ಡಹೆಸರು ಬಂತು. ಕೊಟ್ಟ ಜಾಗ ಎಂದಿನಂತೆ ಸಾಲದೆ ಸಹಿ ಪಕ್ಕದ ಜಾಗಕ್ಕೂ ನುಗ್ಗಿತು. ಕೆಳಗೆ ಗೆರೆ ಎಳೆದಳು. ಗೆರೆಯ ಕೆಳಗೆ ಚುಕ್ಕೆ ಇಟ್ಟಳು.

ಆಮೇಲೆ ತಿರುಗಿ ನನ್ನ ಕಡೆ ನೋಡಿ, ಬಲಗೈಯ ಹೆಬ್ಬೆರಳು ಎತ್ತಿ ತೋರಿಸಿದಳು. ಮಸಿಯಿಲ್ಲದ ಸ್ವಚ್ಛ ಹೆಬ್ಬೆರಳು. ಅಳಿಯ ಅದನ್ನು ಶಭಾಷ್ ಎಂದುಕೊಂಡು ತಾನೂ ಹೆಬ್ಬೆರಳು ಎತ್ತಿದ. ಅವನ ತಂದೆ ತಾಯಿ ಎತ್ತಿದರು, ಬೇಟೆಗಾರ ಅಜ್ಜ ಎತ್ತಿದ, ಕೊನೆಗೆ ಅಧಿಕಾರಿ ಹೆಂಗಸೂ ಎತ್ತಿದರು. ಕೋಣೆ ತುಂಬ ಹೆಬ್ಬೆರಳುಗಳು. ಅವ್ವ ಇದ್ದಿದ್ದರೆ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಎರಡನೆಯ ಸಾಕ್ಷಿ ಮಾಮಾ. ಅದೇ ಪೆನ್ನು ತೆಗೆದುಕೊಂಡರು. ಕೈಗವಸಿಲ್ಲ, ಐದೂ ಬೆರಳು ನೆಟ್ಟಗಿವೆ, ಆದರೆ ಕೈ ಗಡಗಡ ನಡುಗುತ್ತಿತ್ತು. ಮೊದಲ ಅಕ್ಷರವೇ ಗೆರೆ ದಾಟಿ ಮೇಲಕ್ಕೆ ಹೋಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅಕ್ಕ ಅವರ ಕಡೆ ಬಾಗಿ, ನನಗಷ್ಟೇ ಕೇಳುವ ಹಾಗೆ ಹೇಳಿದಳು:

"ಯಾಕ್ರಿ, ಹೆಬ್ಬೆಟ್ಟು ಒತ್ತತೀರೇನು?"

ಹೇಳಿ, ತನ್ನ ಬಲಗೈಯನ್ನು ಅವರ ಮಣಿಕಟ್ಟಿನ ಮೇಲೆ ಇಟ್ಟಳು, ಆಡದ ಮೂರು ಬೆರಳುಗಳ ಸಮೇತ. ನಡುಕ ನಿಂತಿತು. ಇಬ್ಬರ ಕೈಯೂ ಸೇರಿ ಒಂದು ಸಹಿಯಾಯಿತು. ಅದು ಮಾಮಾನ ಸಹಿಯ ಹಾಗೆ ಸ್ವಲ್ಪವೂ ಇರಲಿಲ್ಲ, ಒಂದು ಕಡೆ ಪೂರ್ತಿ ಇಳಿದುಹೋಗಿತ್ತು. ಮಾಮಾ ಅಳತೆ ತೆಗೆಯಲಿಲ್ಲ.